ಯಾವ ಯುದ್ಧ ಅಂತ ಕೇಳಬೇಡಿ

"ಮೇಡಂ, ಇದು ಯಾವ ಯುದ್ಧ?"

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ಡಚ್ ಚಿತ್ರಕಾರ ಬ್ರೈಟ್ನರ್ ಬರೆದ ಕುದುರೆಗಳ ಮುಂದೆ ಗುಂಪನ್ನು ನಿಲ್ಲಿಸಿ ನಾನು ಬಾಯಿ ತೆರೆಯುವ ಮೊದಲೇ ಈ ಪ್ರಶ್ನೆ ಬಂದಿರುತ್ತದೆ. ಮಗಳ ಬಾಣಂತನಕ್ಕೆಂದು ಬಂದ ತಾಯಿ ಕೇಳುತ್ತಾರೆ, ಐಂಡ್‌ಹೋವನ್‌ನಲ್ಲಿ ಕೆಲಸ ಮಾಡುವ ಎಂಜಿನಿಯರ್ ಕೇಳುತ್ತಾರೆ, ಬೇಸಿಗೆ ರಜೆಗೆ ಬಂದ ಹೈಸ್ಕೂಲು ಹುಡುಗ ಕೇಳುತ್ತಾನೆ. ಕನ್ನಡ ಮಾತಾಡುವವರಿಗೆ ಇಲ್ಲಿನ ಚಿತ್ರಗಳನ್ನು ತೋರಿಸಿ ವಿವರಿಸುವುದು ನನ್ನ ಕಸುಬು. ಹದಿನಾಲ್ಕು ವರ್ಷವಾಯಿತು. ಈ ಒಂದು ಚಿತ್ರದ ಎದುರು ಬೇರೆ ಪ್ರಶ್ನೆ ಮೊದಲು ಬಂದದ್ದು ಬೆರಳೆಣಿಕೆಯಷ್ಟು ಸಲ.

ಉತ್ತರ ಚಿಕ್ಕದು. ಇದು ಯಾವ ಯುದ್ಧವೂ ಅಲ್ಲ, ಕವಾಯತು. ಸೈನಿಕರು ತಮ್ಮ ಪಾಡಿಗೆ ತಾಲೀಮು ಮಾಡುತ್ತಿದ್ದಾರೆ. ಸಂಜೆ ಲಾಯಕ್ಕೆ ಮರಳಿ ಕುದುರೆ ಮೈ ತಿಕ್ಕಿ, ಹುಲ್ಲು ಹಾಕಿ ಮಲಗುತ್ತಾರೆ. ಇಷ್ಟು ಹೇಳಿದ ಕೂಡಲೇ ಕೇಳಿದವರ ಮುಖ ಸಪ್ಪಗಾಗುತ್ತದೆ. "ಓ, ಬರೀ ಪ್ರಾಕ್ಟೀಸಾ?" ಎಂದು ಮುಂದಿನ ಗೋಡೆಗೆ ನಡೆದುಬಿಡುತ್ತಾರೆ. ಆ "ಬರೀ" ಎನ್ನುವ ಮಾತು ನನಗೆ ಸಹಿಸಲು ಆಗುವುದಿಲ್ಲ. ಈ ಅಂಕಣ ಆ ಒಂದು ಮಾತಿಗಾಗಿ.

ಚಿತ್ರ ನೋಡಿರದವರಿಗೆ ಎರಡು ಮಾತು. ಜಾರ್ಜ್ ಹೆಂಡ್ರಿಕ್ ಬ್ರೈಟ್ನರ್ 1885-86ರಲ್ಲಿ ಬರೆದ ತೈಲಚಿತ್ರವಿದು. ಎತ್ತರ 115 ಸೆಂಟಿಮೀಟರ್, ಅಗಲ 77.5. ನಿಲುವಾದ ಕ್ಯಾನ್ವಾಸು. ಮರಳುದಿಬ್ಬದ ಇಳಿಜಾರಿನಲ್ಲಿ ರಾಹುತರ ಸಾಲೊಂದು ದಡದಡನೆ ನಮ್ಮ ಕಡೆಗೇ ಇಳಿದು ಬರುತ್ತಿದೆ. ಕಂದು ಕುದುರೆಗಳು, ಬೂದು ಆಕಾಶ, ಕಾಲಡಿಯಿಂದ ಏಳುವ ಮರಳು, ಕಪ್ಪುನೀಲಿ ಸಮವಸ್ತ್ರದ ಮೇಲೆ ಅಲ್ಲಲ್ಲಿ ಹಳದಿ ಪಟ್ಟಿಯ ಮಿಂಚು. ಈ ಹಳದಿ ಪಟ್ಟಿಯಿಂದಲೇ ಆ ದಳಕ್ಕೆ 'ಹಳದಿ ಸವಾರರು' ಎಂಬ ಅಡ್ಡಹೆಸರು. ಚಿತ್ರವನ್ನೂ ಡಚ್ಚರು ಹಾಗೆಯೇ ಕರೆಯುತ್ತಾರೆ. ದಳದ ನಿಜವಾದ ಹೆಸರು ಕುದುರೆ ಫಿರಂಗಿದಳ. ಸ್ಥಾಪನೆಯಾದದ್ದು 1793ರಲ್ಲಿ. ಸಾಮಾನ್ಯ ಫಿರಂಗಿದಳದಲ್ಲಿ ಗೋಲಂದಾಜರು ನಡೆದೋ, ಗಾಡಿಯ ಮೇಲೆ ಕೂತೋ ಹೋಗುತ್ತಿದ್ದರು. ಕುದುರೆ ಫಿರಂಗಿದಳದಲ್ಲಿ ಎಲ್ಲರಿಗೂ ಸವಾರಿ. ಓಡುವ ಅಶ್ವದಳದ ಜೊತೆ ಹೆಜ್ಜೆ ಹಾಕಬೇಕಲ್ಲ, ಅದಕ್ಕೆ. ಆದ್ದರಿಂದ "ಫಿರಂಗಿ ಅಂದ್ರಿ, ಬರೀ ಕುದುರೆ ಕಾಣ್ತಿದೆ" ಎಂದು ಯಾರೂ ತಬ್ಬಿಬ್ಬಾಗಬೇಕಿಲ್ಲ.

ಇನ್ನು ಆ ಪ್ರಶ್ನೆ. ಅದು ಎಲ್ಲಿಂದ ಹುಟ್ಟುತ್ತದೆಂದು ನನಗೆ ಗೊತ್ತು, ಅದಕ್ಕೇ ಕೇಳಿದವರ ಮೇಲೆ ಸಿಟ್ಟು ಬರುವುದಿಲ್ಲ. ಒಂದು ಕಾರಣ ಆ ಮ್ಯೂಸಿಯಂನಲ್ಲೇ ಇದೆ. ಯಾನ್ ವಿಲ್ಲೆಮ್ ಪೀನೆಮಾನ್ 1824ರಲ್ಲಿ ಮುಗಿಸಿದ 'ವಾಟರ್ಲೂ ಕದನ' ಅಲ್ಲಿದೆ. ಎತ್ತರ 567 ಸೆಂಟಿಮೀಟರ್, ಅಗಲ 823. ನಮ್ಮ ಕಡೆ ಒಂದು ಸಣ್ಣ ಮನೆಯ ಮುಂಗೋಡೆಯಷ್ಟು. ನಡುವೆ ಕುದುರೆಯ ಮೇಲೆ, ಅಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್, ಎಡಕ್ಕೆ ಗಾಯಗೊಂಡ ಡಚ್ ಯುವರಾಜ. ಅಧಿಕಾರಿಗಳ ಮುಖಗಳನ್ನು ಸರಿಯಾಗಿ ಹಿಡಿಯಬೇಕೆಂದು ಪೀನೆಮಾನ್ ಲಂಡನ್ನಿಗೇ ಹೋಗಿ ಅವರನ್ನು ಕೂರಿಸಿ ಬರೆದುಕೊಂಡು ಬಂದಿದ್ದ. ಅಲ್ಲಿ ಮುಖಕ್ಕೊಂದು ಹೆಸರು, ಹೆಸರಿಗೊಂದು ಪದವಿ. ಅದನ್ನು ನೋಡಿ ಕಣ್ಣು ತುಂಬಿಸಿಕೊಂಡು ಬಂದವರು ಬ್ರೈಟ್ನರ್ ಮುಂದೆ ನಿಂತರೆ ಮತ್ತೆ ವೆಲಿಂಗ್ಟನ್‌ನನ್ನೇ ಹುಡುಕುತ್ತಾರೆ. ಕುದುರೆ ಫಿರಂಗಿದಳ 1815ರಲ್ಲಿ ಕ್ವಾತ್ರ್ ಬ್ರಾ ಮತ್ತು ವಾಟರ್ಲೂ ಕದನಗಳಲ್ಲಿ ಹೋರಾಡಿದ್ದೂ ನಿಜವೇ. ಹಾಗಾಗಿ ವಾಟರ್ಲೂ ಎಂದು ಊಹಿಸಿದವರು ಪೂರಾ ತಪ್ಪಲ್ಲ, ಎಪ್ಪತ್ತು ವರ್ಷ ತಪ್ಪು.

ಇನ್ನೊಂದು ಕಾರಣ ನಮ್ಮೂರಿನದು. ಕುದುರೆ ಮತ್ತು ಕತ್ತಿ ಹಿಡಿದ ಮನುಷ್ಯ ಒಟ್ಟಿಗೆ ಕಂಡರೆ ನಮಗೆ ಮೊದಲು ನೆನಪಾಗುವುದು ವೀರಗಲ್ಲು. ಕೆರೆ ಏರಿಯ ಮೇಲೆ, ಊರ ಬಾಗಿಲಲ್ಲಿ, ದೇವಸ್ಥಾನದ ಹಿತ್ತಿಲಲ್ಲಿ ನಿಂತ ಕಲ್ಲುಗಳನ್ನು ನೋಡುತ್ತಲೇ ಬೆಳೆದವರು ನಾವು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸದಲ್ಲಿ ಲಿಂಗದ ಸನ್ನಿಧಿ. ಆ ಕಲ್ಲಿನಲ್ಲಿ ಸಾವಿಲ್ಲದೆ ಕುದುರೆಯಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಶಾಲೆಯ ಪ್ರವಾಸ ಹೋಗದವರು ನಮ್ಮ ಪೈಕಿ ಕಡಿಮೆ. ಅಲ್ಲಿಯ ಪಡುಗೋಡೆಯ ತುಂಬ 1780ರ ಪೊಲ್ಲಿಲೂರು ಕದನ. ಹೈದರ್, ಟಿಪ್ಪು, ಪಲ್ಲಕ್ಕಿಯಲ್ಲಿ ಕೂತ ಸೋತ ಕರ್ನಲ್ ಬೇಯ್ಲಿ. ಇವರು ಗೆದ್ದರು, ಅವರು ಸೋತರು ಎಂದು ಮೇಷ್ಟ್ರು ಬೆತ್ತದ ತುದಿಯಲ್ಲಿ ತೋರಿಸಿದ್ದು ಇನ್ನೂ ಕಣ್ಣಲ್ಲಿದೆ. ಇಂಥ ಕಣ್ಣಿಗೆ ಬ್ರೈಟ್ನರ್ ಚಿತ್ರ ಅರ್ಧಕ್ಕೆ ಕಿತ್ತ ಪುಟದ ಹಾಗೆ ಕಾಣುವುದು ಸಹಜ. ನಾನು ಕೇಳಿಕೊಳ್ಳುವುದು ಇಷ್ಟೇ: ಎರಡು ನಿಮಿಷ ಆ ಬೆತ್ತವನ್ನು ಕೆಳಗಿಡಿ.

ಈ ಪ್ರಶ್ನೆಗೆ ನಾನೇ ಒಮ್ಮೆ ಸುಳ್ಳು ಉತ್ತರ ಕೊಟ್ಟಿದ್ದೇನೆ. ಕಸುಬಿನ ಎರಡನೇ ವರ್ಷ. ಮೂವತ್ತು ಜನರ ಗುಂಪು, ಮಧ್ಯಾಹ್ನದ ಹೊತ್ತು, ನನಗೆ ಜ್ವರ. ಒಬ್ಬರು ಬಿಡದೆ "ಯಾವುದಾದ್ರೂ ಯುದ್ಧ ಇರಲೇಬೇಕು, ಸರಿಯಾಗಿ ನೋಡಿ ಹೇಳಿ" ಎಂದರು. ವಾಟರ್ಲೂ ಎಂದುಬಿಟ್ಟೆ. ಎಲ್ಲರೂ ತೃಪ್ತರಾದರು, ಫೋಟೋ ಹಿಡಿದರು. ಗುಂಪಿನಲ್ಲಿದ್ದ ಒಂಬತ್ತು ವರ್ಷದ ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಇಲ್ಲಿನ ಡಚ್ ಶಾಲೆಯಲ್ಲಿ ತರಗತಿಯ ಮುಂದೆ ನಿಂತು ಹೇಳಿಯೂ ಹೇಳಿದಳು, ಟೀಚರ್ ತಿದ್ದಿದರು. ಅವಳ ತಾಯಿ ನನಗೆ ಫೋನ್ ಮಾಡಿ ಬೈಯಲಿಲ್ಲ. "ಅವಳು ನಿಮ್ಮನ್ನ ನಂಬಿದ್ದಳು" ಎಂದಷ್ಟೇ ಹೇಳಿದರು. ಮರುವಾರ ಅವರ ಮನೆಗೆ ಹೋಗಿ ಆ ಮಗುವಿನ ಹತ್ತಿರ ಕ್ಷಮೆ ಕೇಳಿದೆ. ಅಂದಿನಿಂದ ಈ ಚಿತ್ರದ ಮುಂದೆ ಗಂಟಲು ಒಣಗಿದರೂ ಪೂರ್ತಿ ವಿವರಿಸುತ್ತೇನೆ.

ಇದು ಕದನವಲ್ಲ ಎನ್ನುವುದು ಹೇಗೆ ಗೊತ್ತಾಗುತ್ತದೆ? ಮೊದಲು ಚಿತ್ರದ ಒಳಗಿನ ಸುಳಿವು ನೋಡಿ. ಶತ್ರು ಇಲ್ಲ, ಬಿದ್ದವನಿಲ್ಲ, ಸತ್ತ ಕುದುರೆಯಿಲ್ಲ. ಆದರೆ ಇದನ್ನೇ ಸಾಕ್ಷಿ ಎಂದು ಹಿಡಿಯಬೇಡಿ. ಕದನಕ್ಕೆ ಹೊರಟ ದಂಡಿನ ಚಿತ್ರದಲ್ಲಿಯೂ ಇವೆಲ್ಲ ಇಲ್ಲದಿರಬಹುದು. ಎರಡನೆಯದು ಮಬ್ಬು. ಗಾಳಿಯಲ್ಲಿ ತೇಲುತ್ತಿರುವುದನ್ನು ಹಲವರು ಹೊಗೆ ಎಂದುಕೊಳ್ಳುತ್ತಾರೆ. ಅದರ ಬಣ್ಣ ನೋಡಿ: ಮರಳಿನದೇ ಬಣ್ಣ. ಎಲ್ಲಿಂದ ಏಳುತ್ತಿದೆ ನೋಡಿ: ಗೊರಸಿನಿಂದ. 1880ರ ದಶಕದ ನಡುವಿನವರೆಗೂ ಸೈನ್ಯಗಳು ಸುಡುತ್ತಿದ್ದದ್ದು ಕಪ್ಪು ಮದ್ದು. ಹೊಗೆ ಕಡಿಮೆ ಬರುವ ಮದ್ದನ್ನು ಫ್ರೆಂಚರು ಆಗಷ್ಟೇ ಕಂಡುಹಿಡಿದಿದ್ದರು. ಕಪ್ಪು ಮದ್ದಿನ ನಾಲ್ಕು ಸುತ್ತು ಹಾರಿದರೆ ದಟ್ಟ ಬಿಳಿ ಮೋಡ ಕವಿದು ಪಕ್ಕದವನ ಮುಖ ಕಾಣುತ್ತಿರಲಿಲ್ಲ. ಈ ಕ್ಯಾನ್ವಾಸಿನಲ್ಲಿ ಆ ಬಿಳಿ ಇಲ್ಲ, ಇರುವುದು ಧೂಳು. ದನ ಮನೆಗೆ ಮರಳುವಾಗ ಏಳುವ ಧೂಳಿನಿಂದ ಒಂದು ಹೊತ್ತಿಗೇ ಗೋಧೂಳಿ ಎಂದು ಹೆಸರಿಟ್ಟು, ಆ ಮುಹೂರ್ತದಲ್ಲಿ ಮದುವೆಯನ್ನೂ ಮಾಡುವ ಜನ ನಾವು. ಗೊರಸಿನ ಧೂಳನ್ನು ಹೊಗೆ ಎಂದು ತಪ್ಪು ತಿಳಿಯಲು ನಮಗೆ ಕಾರಣವೇ ಇಲ್ಲ. ಇಲ್ಲಿಯೂ ಒಂದು ಎಚ್ಚರ ಹೇಳಬೇಕು: ತಾಲೀಮಿನಲ್ಲೂ ಹುಸಿ ಗುಂಡು ಹಾರಿಸುತ್ತಾರೆ, ಆದ್ದರಿಂದ ಹೊಗೆ ಇದ್ದರೆ ಯುದ್ಧ ಎಂದೂ ತೀರ್ಮಾನಿಸಲಾಗದು.

ಗಟ್ಟಿ ಸಾಕ್ಷಿ ಚಿತ್ರದ ಹೊರಗಿದೆ, ಕ್ಯಾಲೆಂಡರಿನಲ್ಲಿ. ಬೆಲ್ಜಿಯಂ 1830ರಲ್ಲಿ ಸಿಡಿದು ಬೇರೆಯಾಯಿತು. ಆ ಜಗಳ 1839ರ ಒಪ್ಪಂದದಿಂದ ತೀರಿತು. ಅಲ್ಲಿಂದ 1940ರ ಮೇ ತಿಂಗಳಲ್ಲಿ ಜರ್ಮನರು ನುಗ್ಗುವವರೆಗೆ ಯುರೋಪಿನ ನೆಲದಲ್ಲಿ ಡಚ್ಚರು ಯಾರ ಮೇಲೂ ಯುದ್ಧ ಮಾಡಲಿಲ್ಲ. ಸೈನ್ಯವನ್ನು ಗಡಿಗೆ ಕರೆಸಿಕೊಂಡದ್ದುಂಟು, 1870ರಲ್ಲಿ, ಮತ್ತೆ 1914ರಲ್ಲಿ. ಗುಂಡು ಹಾರಲಿಲ್ಲ. ನೂರು ವರ್ಷ! ಬ್ರೈಟ್ನರ್ ಹುಟ್ಟಿದ್ದು 1857ರಲ್ಲಿ ರಾಟರ್‌ಡ್ಯಾಮಿನಲ್ಲಿ, ತೀರಿಕೊಂಡದ್ದು 1923ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ. ಆತನ ಇಡೀ ಬದುಕು ಆ ಶಾಂತಿಯ ಒಳಗೇ ಕಳೆಯಿತು. ತನ್ನ ದೇಶದ ಸೈನ್ಯ ತನ್ನ ನೆಲದಲ್ಲಿ ಕಾದಿದ್ದನ್ನು ಆತ ನೋಡುವ ಸಾಧ್ಯತೆಯೇ ಇರಲಿಲ್ಲ.

ಆದರೆ 'ಶಾಂತಿ' ಎಂಬ ಮಾತನ್ನು ನಾನು ಹುಷಾರಾಗಿ ಬಳಸುತ್ತೇನೆ. ಅದೇ ವರ್ಷಗಳಲ್ಲಿ ಇಂದಿನ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಅಚೆ ಎಂಬಲ್ಲಿ ಡಚ್ಚರು 1873ರಿಂದ ಒಂದು ಕ್ರೂರ, ಉದ್ದನೆಯ ಯುದ್ಧ ನಡೆಸುತ್ತಿದ್ದರು. ಅದನ್ನು ಮಾಡುತ್ತಿದ್ದದ್ದು ಈಸ್ಟ್ ಇಂಡೀಸ್‌ನ ಪ್ರತ್ಯೇಕ ವಸಾಹತು ಸೈನ್ಯ. ಈ ಚಿತ್ರದ ಹಳದಿ ಸವಾರರು ಸ್ವದೇಶದ ಸೈನ್ಯದವರು. ವಸಾಹತಿನ ದುಡ್ಡು, ವಸಾಹತಿನ ರಕ್ತ ಎರಡೂ ಗೊತ್ತಿರುವ ನಮ್ಮ ಜನ ಈ ಮಾತು ಬಂದಾಗ ಗಂಭೀರವಾಗಿ ಕೇಳುತ್ತಾರೆ. ಕೇಳಬೇಕಾದದ್ದೇ.

ಮತ್ತೆ ಮರಳುದಿಬ್ಬಕ್ಕೆ ಬರೋಣ. ಈ ದೇಶದ ರಕ್ಷಣೆಯ ಯೋಜನೆಯೇ ವಿಚಿತ್ರ. 1874ರಲ್ಲಿ ಕೋಟೆಗಳ ಕಾನೂನು ತಂದು ಅವರು ಗಟ್ಟಿ ಮಾಡಿಕೊಂಡದ್ದು ನೀರಿನ ಸಾಲನ್ನು. ಶತ್ರು ಬಂದರೆ ತೂಬು ಎತ್ತಿ ಹೊಲಗದ್ದೆಗಳಿಗೆ ಮೊಳಕಾಲುದ್ದ ನೀರು ಬಿಡುವುದು. ಆ ನೀರಿನಲ್ಲಿ ಸೈನ್ಯಕ್ಕೆ ನಡೆಯಲಾಗದು, ದೋಣಿಯೂ ತೇಲದು. ತನ್ನ ಭೂಮಿಯನ್ನೇ ಮುಳುಗಿಸಿ ಬದುಕುವ ಲೆಕ್ಕ. ಅಂಥ ನಾಡಿನಲ್ಲಿ ಕುದುರೆ ಸವಾರರು ವರ್ಷ ವರ್ಷವೂ ದಿಬ್ಬ ಹತ್ತಿ ಇಳಿದರು, ಸಾಲು ಹಿಡಿದರು, ಸಾಲು ಬಿಟ್ಟರು, ಮತ್ತೆ ಹಿಡಿದರು. ಆಗ ಸೈನ್ಯಕ್ಕೆ ಚೀಟಿ ಎತ್ತಿ ಹುಡುಗರನ್ನು ಕರೆಯುತ್ತಿದ್ದರು. ದುಡ್ಡಿದ್ದ ಮನೆಯವರು ಬದಲಿಗೊಬ್ಬನನ್ನು ಗೊತ್ತು ಮಾಡಿ ಕಳಿಸಬಹುದಿತ್ತು, ಆ ಪದ್ಧತಿ ನಿಂತದ್ದು 1898ರಲ್ಲಿ. ಈ ಚಿತ್ರದ ಪ್ರತಿ ಸವಾರನೂ ಹಾಗೆ ಬಂದವನು ಎಂದು ನಾನು ಹೇಳಲಾರೆ, ಇಷ್ಟಪಟ್ಟು ಸೇರಿದವರೂ ಇರುತ್ತಿದ್ದರು. ಆದರೂ ಆ ಕಾಲದ ಸಿಪಾಯಿ ಎಂದರೆ ಬಹುಮಟ್ಟಿಗೆ ಯಾರದೋ ಮನೆಯ ಬಡ ಹುಡುಗ. ಬ್ರೈಟ್ನರ್ 1882ರಲ್ಲಿ ತನಗೆ ಆಸರೆಯಾಗಿದ್ದ ರಾಟರ್‌ಡ್ಯಾಮಿನ ಧಾನ್ಯ ವ್ಯಾಪಾರಿ ವಾನ್ ಸ್ಟೋಲ್ಕ್‌ಗೆ ಬರೆದ ಪತ್ರದಲ್ಲಿ, ತಾನು ಜನರ ಚಿತ್ರಕಾರನಾಗಬೇಕು, ಬೀದಿಯಲ್ಲಿ ಮನೆಯಲ್ಲಿ ಇರುವ ಮನುಷ್ಯರನ್ನು ಬರೆಯಬೇಕು ಎಂದಿದ್ದ. ಆ ವರ್ಷವೇ ಹೇಗ್ ನಗರದ ಬಡ ಕೇರಿಗಳಲ್ಲಿ ವಿನ್ಸೆಂಟ್ ವಾನ್ ಗೋ ಜೊತೆ ಸ್ಕೆಚ್ ಮಾಡುತ್ತ ಅಲೆದವನು ಆತ. ಹಳದಿ ಸವಾರರನ್ನು ನಾನು ಆ ಪತ್ರದ ಬೆಳಕಿನಲ್ಲಿ ನೋಡುತ್ತೇನೆ. ಇದು ನನ್ನ ಓದು. ಬೇರೆಯವರು ಬೇರೆ ಹೇಳಬಹುದು, ಯಾಕೆಂದರೆ ಸೈನಿಕರ ಚಿತ್ರಕ್ಕೆ ಆಗ ಗಿರಾಕಿಯೂ ಇತ್ತು.

ಮುಖಗಳು ಸರಿಯಾಗಿ ಕಾಣುವುದಿಲ್ಲ, ಬಣ್ಣ ಮೆತ್ತಿದ ಹಾಗಿದೆ, ಮುಗಿಸಿಲ್ಲ ಎಂಬ ದೂರೂ ಬರುತ್ತದೆ. ಅದಕ್ಕೆ ಹೆಚ್ಚು ಹೇಳುವುದಿಲ್ಲ. ನಿಮ್ಮ ಮೇಲೆ ಓಡಿ ಬರುವ ಕುದುರೆಯ ಸವಾರನ ಕಣ್ಣಿನ ಬಣ್ಣ ಯಾರಿಗೆ ಕಾಣುತ್ತದೆ? ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಸಾಕು.

ಕುದುರೆಯ ಕಾಲಿನ ವಿಚಾರ ಮಾತ್ರ ಬಿಡಲಾರೆ, ಇದು ನನಗೆ ಬಹಳ ಪ್ರೀತಿಯದು. ಶತಮಾನಗಟ್ಟಲೆ ಚಿತ್ರಕಾರರು ನಾಗಾಲೋಟದ ಕುದುರೆಯನ್ನು ಪಕ್ಕದಿಂದ ಬರೆಯುವಾಗ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುವ ಹಾಗೆ ಬರೆಯುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ 1878ರ ಜೂನ್‌ನಲ್ಲಿ ಓಡುವ ಕುದುರೆಯ ಸಾಲು ಫೋಟೋ ತೆಗೆದ ಮೇಲೆ ನಿಜ ಗೊತ್ತಾಯಿತು. ನಾಲ್ಕೂ ಕಾಲು ನೆಲ ಬಿಟ್ಟಿರುವ ಗಳಿಗೆಯಲ್ಲಿ ಅವು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಮಡಚಿ ಸೇರಿಕೊಂಡಿರುತ್ತವೆ. ಏಳೆಂಟು ವರ್ಷದ ನಂತರ ಬ್ರೈಟ್ನರ್ ಈ ಚಿತ್ರ ಬರೆದಾಗ ಪಕ್ಕದ ನೋಟವನ್ನೇ ಕೈಬಿಟ್ಟ. ಕುದುರೆಗಳು ಎದುರಿನಿಂದ ಬರುತ್ತವೆ. ಎದುರಿನಿಂದ ಕುದುರೆ ಬರೆಯುವುದು ಕಷ್ಟದ ಕೆಲಸ: ಕತ್ತು ಗಿಡ್ಡವಾಗುತ್ತದೆ, ಎದೆ ಉಬ್ಬುತ್ತದೆ, ಹಿಂಗಾಲು ಮುಂಗಾಲಿನ ಹಿಂದೆ ಅಡಗುತ್ತದೆ. ಅಂಗಳದಲ್ಲಿ ನಿಂತು ಹಸುವನ್ನು ಮೂತಿಯ ಕಡೆಯಿಂದ ಬರೆಯಲು ನೋಡಿ, ನಾನು ಹೇಳುವುದು ಗೊತ್ತಾಗುತ್ತದೆ. ಬ್ರೈಟ್ನರ್ ಇದನ್ನು ಫೋಟೋ ನೋಡಿ ಬರೆದ ಎಂದು ಕೆಲವರು ಖಚಿತವಾಗಿ ಹೇಳಿಬಿಡುತ್ತಾರೆ. ಆತ ಮುಂದೆ ಒಳ್ಳೆಯ ಫೋಟೋಗ್ರಾಫರ್ ಆದದ್ದು ನಿಜ. ಆತನ ನೆಗೆಟಿವ್‌ಗಳು 1961ರಲ್ಲಿ ಸಿಕ್ಕವು. ಅವುಗಳಲ್ಲಿ ಹೆಚ್ಚಿನವು ನಂತರದ ಆಮ್‌ಸ್ಟರ್‌ಡ್ಯಾಮ್ ಬೀದಿಗಳದ್ದು. ಅದನ್ನು ಹಿಂದಕ್ಕೆ ಎಳೆದು ಈ ಚಿತ್ರಕ್ಕೆ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ.

ಕೆಲವು ವರ್ಷದ ಹಿಂದೆ ಮೈಸೂರಿನ ಹಿರಿಯರೊಬ್ಬರು ಮಗನ ಜೊತೆ ಬಂದಿದ್ದರು. ಅಶ್ವಾರೋಹಿ ಪೊಲೀಸ್ ದಳದಲ್ಲಿದ್ದು ನಿವೃತ್ತರಾದವರು. ವಿಜಯದಶಮಿಯ ಸಂಜೆ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಎಷ್ಟೋ ಸಲ ಕುದುರೆ ಓಡಿಸಿದವರು. ರೆಂಬ್ರಾಂಟ್ ಮುಂದೆ ಕೈಕಟ್ಟಿ ಸುಮ್ಮನೆ ನಿಂತಿದ್ದ ಆ ಮನುಷ್ಯ, ಇಲ್ಲಿಗೆ ಬಂದ ಕೂಡಲೇ ನನ್ನನ್ನು ದಾಟಿ ಮುಂದೆ ಹೋದರು.

"ಇದು ತಾಲೀಮು" ಎಂದರು. ನಾನಿನ್ನೂ ಏನೂ ಹೇಳಿರಲಿಲ್ಲ.

ಹೇಗೆ ಗೊತ್ತಾಯಿತೆಂದು ಕೇಳಿದೆ. "ಸಾಲು ನೋಡಿಮ್ಮ. ಪ್ರಾಣಭಯದಲ್ಲಿ ಓಡೋ ಕುದುರೆ ಹಿಂಗೆ ಸಾಲು ಹಿಡಿಯಲ್ಲ" ಎಂದರು. ಆಮೇಲೆ ಇಪ್ಪತ್ತು ನಿಮಿಷ ಅವರೇ ಗೈಡು, ನಾನು ಕೇಳುವವಳು. ಕುದುರೆಯ ಮೈಭಾರದಲ್ಲಿ ಮುಂಗಾಲಿನ ಪಾಲೇ ಹೆಚ್ಚು. ಇಳಿಜಾರಿನಲ್ಲಿ ಅದು ಇನ್ನೂ ಮುಂದಕ್ಕೆ ಜಗ್ಗುತ್ತದೆ. ಮೇಲೆ ಮನುಷ್ಯ, ಜೀನು, ಸಾಮಾನು. ಹಿಂಗಾಲನ್ನು ಹೊಟ್ಟೆಯಡಿಗೆ ಎಳೆದುಕೊಂಡು ತಡೆಯದಿದ್ದರೆ ಮುಗ್ಗರಿಸಿ ಬೀಳುತ್ತದೆ. ಸವಾರ ಮುಂದಕ್ಕೆ ವಾಲಿದರೆ ಕೆಟ್ಟ, ಲಗಾಮು ಜಗ್ಗಿದರೂ ಕೆಟ್ಟ. ಕುದುರೆ ಬೇಟೆಗೆ ಸಿಕ್ಕುವ ಜಾತಿಯ ಪ್ರಾಣಿ, ಹೆದರಿದರೆ ಓಡುವುದೊಂದೇ ಅದಕ್ಕೆ ಗೊತ್ತು. ಆ ಓಟದ ಆಸೆಯನ್ನು ಕೊಲ್ಲದೆ, ಸಾಲಿನೊಳಗೆ ಹಿಡಿದಿಡಲು ತಿಂಗಳುಗಟ್ಟಲೆ ಬೇಕು. "ಕುದುರೆಗೆ ಮುಂದಿನ ಕುದುರೆ ಮೇಲೆ ನಂಬಿಕೆ ಬರಬೇಕು, ಸವಾರನ ಮೇಲೆ ಬರಬೇಕು, ಸವಾರನಿಗೆ ಪಕ್ಕದವನ ಮೇಲೆ ಬರಬೇಕು. ಒಂದಿನ ಬಿಟ್ರೂ ಮತ್ತೆ ಮೊದಲಿಂದ" ಎಂದರು. ಒಂದು ತಕರಾರನ್ನೂ ತೆಗೆದರು. ಸಡಿಲ ಮರಳಿನ ಇಳಿಜಾರಿನಲ್ಲಿ ಈ ವೇಗ ಸರಿಯಲ್ಲ, ಕಾಲಿನ ನರ ಹರಿದುಹೋಗುತ್ತದೆ, ತಮ್ಮ ಇನ್ಸ್‌ಪೆಕ್ಟರ್ ಇದನ್ನು ಕಂಡಿದ್ದರೆ ಆ ಮುಂದಿನವನನ್ನು ಆ ದಿನವೇ ಇಳಿಸುತ್ತಿದ್ದರು ಎಂದರು. ನನಗೆ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಡಚ್ ಸಹೋದ್ಯೋಗಿಗಳ ಹತ್ತಿರವೂ ಕೇಳಿದೆ, ಅವರಿಗೂ ಬರುವುದಿಲ್ಲ. ಮಗ ಮೂರು ಸಲ "ಅಪ್ಪಾ, ಕಾಫಿಗೆ ಹೋಗೋಣ" ಎಂದರೂ ಅವರು ಕದಲಲಿಲ್ಲ.

ನಾನು ಗಿರಾಕಿಗಳಿಗೆ ಮತ್ತೆ ಮತ್ತೆ ಹೇಳುವುದು ಇದನ್ನೇ. ಕವಾಯತು ಎಂದರೆ ಯುದ್ಧದ ಕಚ್ಚಾ ಪ್ರತಿ ಎಂದುಕೊಳ್ಳಬೇಡಿ, ಅದೇ ಒಂದು ಪೂರ್ಣ ಕೆಲಸ. ಪೀನೆಮಾನ್ ಚಿತ್ರದಲ್ಲಿ ಕುದುರೆ ಇರುವುದು ಸೇನಾಪತಿ ಎತ್ತರದಲ್ಲಿ ಕಾಣಲೆಂದು. ಕುದುರೆಯನ್ನು ತೆಗೆದು ಕುರ್ಚಿ ಇಟ್ಟರೂ ಕಥೆ ಹೆಚ್ಚೇನೂ ಕೆಡುವುದಿಲ್ಲ. ಬ್ರೈಟ್ನರ್ ಚಿತ್ರದಲ್ಲಿ ಕಥೆಯನ್ನು ತೆಗೆದುಹಾಕಿದ್ದಾನೆ, ಅದಕ್ಕೇ ಕುದುರೆ ಉಳಿದಿದೆ. ಅದರ ತೂಕ, ಉಸಿರು, ಇಳಿಜಾರಿನ ಭಯ, ಅದನ್ನು ತಡೆದ ಕೈ, ಮೇಲೆದ್ದ ಮರಳು. ಯಾರು ಗೆದ್ದರು ಎಂದು ಕೇಳುತ್ತಲೇ ಇರುವವರೆಗೆ ಇವು ಯಾವುವೂ ಕಾಣುವುದಿಲ್ಲ. ಅದೇ ದಶಕಗಳಲ್ಲಿ ಫ್ರಾನ್ಸಿನ ಚಿತ್ರಕಾರರಾದ ನೂವಿಲ್, ದೆತಾಯ್ 1870ರ ಯುದ್ಧದಲ್ಲಿ ತಮ್ಮ ದೇಶ ಜರ್ಮನರಿಗೆ ಸೋತದ್ದನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. ಅವರ ಸೈನಿಕರಿಗೆ ಸೇಡಿದೆ, ದುಃಖವಿದೆ, ದೊಡ್ಡ ಚಿತ್ರಗಳೇ ಅವು. ಬ್ರೈಟ್ನರ್‌ಗೆ ಆ ಸಾಮಗ್ರಿ ಇರಲಿಲ್ಲ. ಇದ್ದದ್ದು ಒಂದು ದಿಬ್ಬ ಮತ್ತು ಒಂದು ಮಾಮೂಲಿ ದಿನ. ಮುಂದೆ ಆಮ್‌ಸ್ಟರ್‌ಡ್ಯಾಮಿಗೆ ಹೋದ ಮೇಲೆ ಸೈನಿಕರು ಆತನ ಚಿತ್ರಗಳಿಂದ ಮರೆಯಾದರು, ಕುದುರೆಗಳು ಉಳಿದವು. ಮಳೆಯಲ್ಲಿ ಟ್ರಾಮ್ ಎಳೆಯುವ ಕುದುರೆ, ಕಟ್ಟಡದ ಕೆಲಸದಲ್ಲಿ ಗಾಡಿಗೆ ಹೂಡಿದ ಕುದುರೆ. ಕೆಲಸ ಮಾಡುವ ಮೈಯನ್ನು ಆತ ಕೊನೆವರೆಗೂ ಬಿಡಲಿಲ್ಲ.

ಒಪ್ಪದವರನ್ನು ನಾನು ಹೇಗ್ ನಗರದ ಪನೋರಮಾ ಮೆಸ್ಡಾಗ್‌ಗೆ ಕರೆದುಕೊಂಡು ಹೋಗುತ್ತೇನೆ. 1881ರ ಆಗಸ್ಟ್‌ನಲ್ಲಿ ತೆರೆದ ದುಂಡು ಚಿತ್ರಶಾಲೆ. ಸುಮಾರು 14 ಮೀಟರ್ ಎತ್ತರ, ಸುತ್ತಳತೆ 120 ಮೀಟರ್. ನಡುವೆ ನಿಜವಾದ ಮರಳಿನ ದಿಬ್ಬ, ಸುತ್ತ ಸ್ಖೇವೆನಿಂಗನ್‌ನ ಕಡಲು, ಮೀನುದೋಣಿ, ಹೆಂಚಿನ ಮನೆಗಳು. ಹೆಂಡ್ರಿಕ್ ವಿಲ್ಲೆಮ್ ಮೆಸ್ಡಾಗ್ ಕಡಲು ಬರೆದ, ಹೆಂಡತಿ ಸೀನ್‌ಟ್ಯೆ ಊರಿನ ಭಾಗ ಬರೆಯಲು ನಿಂತಳು. ತೀರದಲ್ಲಿ ತಾಲೀಮು ಮಾಡುವ ಅಶ್ವದಳವನ್ನು ಬರೆದದ್ದು ಇಪ್ಪತ್ಮೂರರ ಬ್ರೈಟ್ನರ್. ಅಷ್ಟು ದೊಡ್ಡ ವೃತ್ತದಲ್ಲಿ ಆ ಸವಾರರು ಒಂದು ಪುಟ್ಟ ಗುಂಪು. ಆ ಪಕ್ಕ ಬಲೆ, ಈ ಪಕ್ಕ ದೋಣಿ, ನಡುವೆ ಇವರ ಕೆಲಸ ಇವರಿಗೆ. ಹಾಸನದ ಕಡೆಯ ಅಜ್ಜಿಯೊಬ್ಬರು ಅವರನ್ನು ಬಹಳ ಹೊತ್ತು ನೋಡಿ, "ಇವ್ರು ಊಟಕ್ಕೆ ಎಷ್ಟೊತ್ತಿಗೆ ಹೋಗ್ತಾರೆ?" ಎಂದು ಕೇಳಿದರು. ಹದಿನಾಲ್ಕು ವರ್ಷದಲ್ಲಿ ಬ್ರೈಟ್ನರ್‌ನ ಸೈನಿಕರ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದು. ಮೊಮ್ಮಗ ನಕ್ಕ. ನನಗೆ ನಗು ಬರಲಿಲ್ಲ, ಅಜ್ಜಿಯ ಕೈ ಹಿಡಿದುಕೊಂಡೆ.

ಆ ತಾಲೀಮು ಮುಗಿದಿಲ್ಲ, ಈಗಲೂ ನೋಡಬಹುದು. ಸೆಪ್ಟೆಂಬರ್‌ನ ಮೂರನೇ ಮಂಗಳವಾರ ಹೇಗ್‌ನಲ್ಲಿ ರಾಜರ ಮೆರವಣಿಗೆ, ಸಂಸತ್ತಿನ ವರ್ಷಾರಂಭ. ಹಿಂದಿನ ದಿನ, ಸೋಮವಾರ, ಬೆಂಗಾವಲಿನ ಕುದುರೆಗಳನ್ನು ಸ್ಖೇವೆನಿಂಗನ್ ಕಡಲತೀರಕ್ಕೆ ತರುತ್ತಾರೆ. ಬ್ಯಾಂಡು ಬಾರಿಸುತ್ತಾರೆ, ಗುಂಡು ಹಾರಿಸುತ್ತಾರೆ, ಹೊಗೆ ಬಿಡುತ್ತಾರೆ. ಮರುದಿನ ಬೀದಿಯಲ್ಲಿ ಬೆದರಬಾರದೆಂದು. ಮೈಸೂರಿನವರಿಗೆ ಇದು ಹೊಸದಲ್ಲ. ದಸರೆಗೆ ಮುಂಚೆ ಆನೆ ಕುದುರೆಗಳ ಎದುರು ಫಿರಂಗಿ ಸಿಡಿಸಿ ಕುಶಾಲತೋಪಿನ ಸದ್ದಿಗೆ ಒಗ್ಗಿಸುವುದನ್ನು ಬಾಲ್ಯದಿಂದ ಕಂಡವರು ಅವರು. ಆ ಸದ್ದು ಕೇಳಿ ಯಾರೂ "ಯಾವ ಯುದ್ಧ?" ಎನ್ನುವುದಿಲ್ಲ. ಹೊಸದಾಗಿ ಬಂದ ಆನೆ ಹೆದರಿತಾ, ಸುಧಾರಿಸಿಕೊಂಡಿತಾ ಎಂದೇ ಕೇಳುತ್ತಾರೆ.

ಈ ಸಲ ನನ್ನ ಜೊತೆ ಬರುವವರು ದಿಬ್ಬದ ಬದಿಯಲ್ಲಿ ನಿಲ್ಲಿ, ನೀರಿನ ಅಂಚಿಗೆ ಹೋಗಬೇಡಿ. ಗಾಳಿ ಕಡಲ ಕಡೆಯಿಂದ ಬೀಸಿದರೆ ಹೊಗೆ ನೇರ ನಮ್ಮ ಮುಖಕ್ಕೇ ಬರುತ್ತದೆ, ಮಕ್ಕಳಿಗೆ ಒಂದು ಕರವಸ್ತ್ರ ಇರಲಿ. ಮೆರವಣಿಗೆಯ ಮುಂದಾಳುವನ್ನು ನೋಡುತ್ತ ನಿಲ್ಲಬೇಡಿ. ಹೊಗೆಯ ಮುಂದೆ ಬಂದು ನಿಂತುಬಿಡುವ ಒಂದು ಕುದುರೆ ಇದ್ದೇ ಇರುತ್ತದೆ, ಅದನ್ನು ನೋಡಿ. ಸವಾರ ಅದನ್ನು ಹೊಡೆಯುವುದಿಲ್ಲ. ತಿರುಗಿಸಿಕೊಂಡು ಹೋಗಿ ಮತ್ತೆ ತರುತ್ತಾನೆ, ಅದು ಮತ್ತೆ ನಿಲ್ಲುತ್ತದೆ. ಕಿವಿ ಹಿಂದಕ್ಕೆ, ಮೈಯೆಲ್ಲ ಬೆವರು. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಓರೆಯಾಗಿ ತುಳಿಯುತ್ತ, ಪಕ್ಕದ ಕುದುರೆಗೆ ಮೈ ಒತ್ತಿಕೊಂಡು, ಹೊಗೆಯೊಳಗೆ ಹೋಗುತ್ತದೆ.